ಫೋನು, ಗ್ರೈಂಡರು ಮತ್ತು ನಮ್ಮ ಮಾತು

ಏಳನೇ ಕ್ಲಾಸು ಓದಿದ ಬೇಸಾಯಗಾರ ಫೋನು, ಸಾಫ್ಟ್‌ವೇರು ಅಂತ ವಿಮರ್ಶೆ ಬರೆಯೋದಾ ಅಂತ ಕೆಲವರು ನಗಬಹುದು. ನಗಲಿ. ನೇಗಿಲು ಚೆನ್ನಾಗಿದೆಯೋ ಇಲ್ಲವೋ ಹೇಳೋಕೆ ಬಡಗಿಯೇ ಆಗಬೇಕಿಲ್ಲ, ಉತ್ತವನಾದರೆ ಸಾಕು. ಫೋನನ್ನು ದುಡ್ಡು ಕೊಟ್ಟು ತಗೊಂಡು ದಿನಾ ಬಳಸ್ತಾ ಇದ್ದೀವಿ. ಅದರ ಗುಣ ದೋಷ ಹೇಳೋ ಹಕ್ಕು ನಮಗೂ ಉಂಟು.

ನಾನು ಹುಟ್ಟಿ ಕನ್ನಡ ಶಾಲೆಗೆ ಹೋದದ್ದು ತಾಳವಾಡಿ ಕಡೆ. ಬೇಸಾಯ ಮಾಡ್ತಾ ಇರೋದು ಕೊಯಮತ್ತೂರಿನ ಶರವಣಂಪಟ್ಟಿ ಅಂಚಿನಲ್ಲಿ. ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರು ದಾಟಿದರೆ ಸತ್ತಿ ರೋಡಿನಲ್ಲೇ ನಮ್ಮೂರು ಸಿಕ್ಕುತ್ತೆ. ಈಗ ಅದನ್ನ ಊರು ಅನ್ನೋದು ಕಷ್ಟ. 2011ರಲ್ಲಿ ಕೊಯಮತ್ತೂರು ಕಾರ್ಪೊರೇಷನ್ನಿಗೆ ಸೇರಿಹೋಯ್ತು. ಕೀರಣತ್ತಂ ಕಡೆ ಐಟಿಗೆ ಅಂತಲೇ ಬಿಟ್ಟ ವಿಶೇಷ ವಲಯ ಇದೆ. ಕಾಗ್ನಿಜೆಂಟ್, ಬಾಷ್ ಇಂಥ ದೊಡ್ಡ ಕಂಪನಿಗಳ ಕಟ್ಟಡ ಅಲ್ಲಿವೆ. ಬೆಳಗ್ಗೆ ಸಂಜೆ ಕೊರಳಿಗೆ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು ರೋಡು ತುಂಬಾ. ಒಳ್ಳೆ ಮಕ್ಕಳು. ಅವರಿಂದ ಬಾಡಿಗೆ, ಹಾಲಿನ ವ್ಯಾಪಾರ, ಇಡ್ಲಿ ಅಂಗಡಿ ಎಲ್ಲಾ ನಡೀತಾ ಇದೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ನನ್ನ ಪ್ರಶ್ನೆ ಬೇರೆ. ಕೊಯಮತ್ತೂರು ಐಟಿಗಿಂತ ಮೊದಲೇ ಯಂತ್ರದ ಊರು. ಆ ಯಂತ್ರಗಳು ನಮ್ಮ ಮಾತು ಕೇಳಿ ಬದಲಾದವು. ಈ ಫೋನು ಯಾಕೆ ಬದಲಾಗೋದಿಲ್ಲ?

ಹಳೇ ಕತೆ ಸ್ವಲ್ಪ ಹೇಳ್ತೀನಿ. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ಕರೆಂಟು ಈ ಕಡೆಗೆ ಬಂತು. 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ಇಲ್ಲೇ ಕರೆಂಟು ಮೋಟಾರು ತಯಾರಿಸಿದರು. ದೇಶದಲ್ಲಿ ತಯಾರಾದ ಮೊದಲ ಮೋಟಾರು ಅಂತ ಅದಕ್ಕೆ ಹೆಸರು. ಬಾವಿ ಆಳ, ಮಳೆ ಕಡಿಮೆ, ಕಪಿಲೆ ಹೊಡೆದು ಎತ್ತೂ ಸಾಕಾಗಿತ್ತು, ಆಳೂ ಸಾಕಾಗಿದ್ದ. ಮೋಟಾರಿನ ಕೆಲಸ ಕಾದು ಕೂತಿತ್ತು. ಹಾಗಾಗಿ ಪಂಪಿನ ಕಾರ್ಖಾನೆಗಳು ಊರು ತುಂಬಾ ಎದ್ದವು.

1955ರಲ್ಲಿ ಪಿ. ಸಭಾಪತಿ ಅನ್ನುವವರು ಹಿಟ್ಟು ರುಬ್ಬೋ ಕಲ್ಲಿಗೆ ಮೋಟಾರು ಜೋಡಿಸಿದರು. ಅದೇ ಗ್ರೈಂಡರು. ಆಮೇಲೆ ಆದದ್ದು ನೋಡಿ. ಹಿಟ್ಟು ಎತ್ತೋಕೆ ಬಗ್ಗಿ ಬಗ್ಗಿ ಸೊಂಟ ನೋವು ಅಂದರು ಹೆಂಗಸರು. ವಾಲಿಸೋ ಗ್ರೈಂಡರು ಬಂತು. ಅಡಿಗೆಮನೆ ಚಿಕ್ಕದು, ಇಷ್ಟು ದೊಡ್ಡದು ಎಲ್ಲಿಡೋದು ಅಂದರು. ಮೇಜಿನ ಮೇಲೆ ಕೂರೋ ಗ್ರೈಂಡರು ಬಂತು. ಕಲ್ಲು ಸವೆದರೆ ಮುಳ್ಳು ಹೊಡೆಯೋರು ಮನೆ ಬಾಗಿಲಿಗೆ ಬರ್ತಿದ್ದರು. ಬೆಲ್ಟು ಹರಿದರೆ ಪಕ್ಕದ ಬೀದೀಲಿ ಸಿಕ್ಕೋದು. ಮಾಡೋನ ಮನೇಲೂ ಇಡ್ಲಿ, ಬಳಸೋಳ ಮನೇಲೂ ಇಡ್ಲಿ. ಅಂಗಡಿಗೆ ಹೋಗಿ ಎದುರಿಗೆ ನಿಂತು ಬೈದರೆ ಆ ಬೈಗಳು ಕಾರ್ಖಾನೆ ತನಕ ಹೋಗೋದು. ಕೊಯಮತ್ತೂರಿನ ಗ್ರೈಂಡರು ದೊಡ್ಡದಾಗಿ ಬೆಳೆದದ್ದು ಈ ಬೈಗಳಿಂದ ಅಂತ ನನ್ನ ಅಭಿಪ್ರಾಯ.

ಈಗ ಫೋನಿಗೆ ಬರ್ತೀನಿ. ನಾನು ಮಾದಪ್ಪನ ಕತೆ, ಸಿದ್ದಪ್ಪಾಜಿ ಕತೆ, ಸೋಬಾನೆ ಪದ ಹಾಡೋನು. ಚಾಮರಾಜನಗರ, ತಾಳವಾಡಿ ಸೀಮೆಯವರ ಬಾಯಲ್ಲಿ ಹಕಾರ ನಿಲ್ಲೋದಿಲ್ಲ ಅನ್ನೋದು ನಿಮಗೆಲ್ಲಾ ಗೊತ್ತು. ಹಾಲು ಅನ್ನೋದು ಆಲು, ಹೊಲ ಅನ್ನೋದು ಒಲ, ಹಾಡು ಅನ್ನೋದು ಆಡು. 2017ರಿಂದ ಫೋನಿಗೆ ಕನ್ನಡದಲ್ಲಿ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳೋ ಸೌಕರ್ಯ ಬಂದಿದೆ. ‘ನಾಳೆ ರಾತ್ರಿ ಆಡು ಐತೆ, ಎಲ್ಲಾರೂ ಬನ್ನಿ’ ಅಂತ ಹೇಳಿದೆ. ಹಾಗೇ ಬರೀತು. ಕಳಿಸಿದೆ. ‘ತಾತ, ಆಡು ಎಷ್ಟಕ್ಕೆ ಕೊಡ್ತೀಯ?’ ಅಂತ ಉತ್ತರ ಬಂತು. ‘ಮಾದಪ್ಪನ ಆಡು’ ಅಂತ ಹುಡುಕಿದರೆ ಆಡು ಕುರಿ ಸಂತೆಯ ವಿಡಿಯೋ ಬಂದವು. ಮನೆಯವರೆಲ್ಲಾ ನಕ್ಕರು, ನಾನೂ ನಕ್ಕೆ. ಆದರೆ ಜಗಲಿ ಮೇಲೆ ಕೂತ ನಾಲ್ಕು ಜನಕ್ಕೆ ಅದೇ ಮಾತು ಹೇಳಿದ್ದರೆ ಒಬ್ಬನಾದರೂ ಆಡು ಕುರಿ ಅಂದುಕೊಳ್ತಿದ್ದನಾ? ಫೋನಿಗೆ ಕಿವಿ ಇದೆ, ನಮ್ಮ ಪರಿಚಯ ಇಲ್ಲ.

ಇನ್ನೊಂದು. ಫೋನು ಮೊದಲೇ ಕೇಳುತ್ತೆ, ಯಾವ ಭಾಷೆ ಅಂತ. ಒಂದನ್ನ ಒತ್ತಬೇಕು. ನಮ್ಮ ಕಡೆ ಮನೇಲಿ ಕನ್ನಡ, ಸಂತೇಲಿ ತಮಿಳು, ಆಸ್ಪತ್ರೆ ಚೀಟೀಲಿ ಇಂಗ್ಲಿಷು. ಒಂದೇ ಮಾತಿನಲ್ಲಿ ಮೂರೂ ಬರ್ತವೆ. ಕನ್ನಡ ಒತ್ತಿದರೆ ತಮಿಳು ಪದ ಕೆಡುತ್ತೆ, ತಮಿಳು ಒತ್ತಿದರೆ ಕನ್ನಡ ಕೆಡುತ್ತೆ.

ಇದು ನಗೆ ಮಾತಲ್ಲ ಅನ್ನೋದಕ್ಕೆ ಕಾರಣ ಹೇಳ್ತೀನಿ. ಕೊಯಮತ್ತೂರು, ತಿರುಪ್ಪೂರು ಕಡೆ ಒಕ್ಕಲಿಗರು, ನೇಯ್ಗೆಯ ದೇವಾಂಗದವರು ತಲೆತಲಾಂತರದಿಂದ ಇದ್ದಾರೆ. ಮನೇಲಿ ಆಡೋದು ಕನ್ನಡ, ಓದು ಬರಹ ತಮಿಳಲ್ಲಿ. ಬಹಳ ಮಂದಿಗೆ ಕನ್ನಡದ ಅಕ್ಷರ ಗೊತ್ತಿಲ್ಲ. ಅವರ ಕನ್ನಡ ಇರೋದು ಬಾಯಲ್ಲಿ ಮಾತ್ರ. ಬಾಯಿಮಾತು ತಿಳಿಯೋ ಯಂತ್ರದಿಂದ ಎಲ್ಲರಿಗಿಂತ ಹೆಚ್ಚು ಉಪಯೋಗ ಆಗಬೇಕಾದ್ದು ಇವರಿಗೆ. ಆದರೆ ಯಂತ್ರಕ್ಕೆ ಎಲ್ಲರಿಗಿಂತ ಕಡಿಮೆ ತಿಳಿಯೋದೂ ಇವರ ಕನ್ನಡವೇ. ಪುಸ್ತಕದ ಹಾಗೆ, ರೇಡಿಯೋದ ಹಾಗೆ ಮಾತಾಡೋರ ಮಾತು ಅದಕ್ಕೆ ಸಲೀಸು. ಮಕ್ಕಳು ಏನು ಮಾಡ್ತಾವೆ? ಮೂರು ಸಲ ಹೇಳಿ ಸಾಕಾಗಿ ಇಂಗ್ಲಿಷಿನಲ್ಲಿ ಹೇಳ್ತಾವೆ, ತಕ್ಷಣ ಕೆಲಸ ಆಗುತ್ತೆ. ಹಿಂದೆ ಯಂತ್ರ ನಮಗೆ ತಕ್ಕಂತೆ ಬದಲಾಗ್ತಿತ್ತು. ಈಗ ಮಕ್ಕಳು ಯಂತ್ರಕ್ಕೆ ತಕ್ಕಂತೆ ನಾಲಿಗೆ ತಿದ್ದಿಕೊಳ್ತಾ ಇದ್ದಾವೆ.

ಎಲ್ಲಾ ಕೆಟ್ಟದ್ದು ಅಂದರೆ ಅದು ವಿಮರ್ಶೆ ಆಗೋದಿಲ್ಲ, ಬರೀ ಗೊಣಗಾಟ ಆಗುತ್ತೆ. ವಾಟ್ಸಾಪಿನಲ್ಲಿ 2013ರಿಂದ ಧ್ವನಿ ಕಳಿಸೋ ಸೌಕರ್ಯ ಇದೆ. ಅಕ್ಷರ ಬಾರದ ಅಜ್ಜಿಯೂ ಗುಂಡಿ ಒತ್ತಿ ಮಾತು ಕಳಿಸ್ತಾಳೆ. ಅದು ಮಾತನ್ನ ತಿದ್ದೋಕೆ ಹೋಗೋದಿಲ್ಲ, ಕೊಟ್ಟಿದ್ದನ್ನ ಕೊಟ್ಟ ಹಾಗೇ ಮುಟ್ಟಿಸುತ್ತೆ. ಇನ್ನು ಬಾವಿ ಮೋಟಾರಿಗೆ ಹಾಕೋ ಮೊಬೈಲ್ ಸ್ಟಾರ್ಟರು. ಮೂರು ಫೇಸು ಕರೆಂಟು ಹೊತ್ತಲ್ಲದ ಹೊತ್ತಿನಲ್ಲಿ ಬರ್ತದೆ. ರಾತ್ರಿ ಹಾವು ಚೇಳು ತುಳಿದುಕೊಂಡು ಹೊಲಕ್ಕೆ ಹೋಗಬೇಕಿತ್ತು. ಈಗ ಮನೆಯಿಂದ ಫೋನು ಮಾಡಿದರೆ ಮೋಟಾರು ಓಡುತ್ತೆ, ಕರೆಂಟು ಇದೆಯೋ ಇಲ್ಲವೋ ಅಂತ ಬಾಯಿಬಿಟ್ಟು ಹೇಳುತ್ತೆ. ಅದರೊಳಗೂ ಸಾಫ್ಟ್‌ವೇರೇ ಇರೋದು. ಬೇಸಾಯಗಾರನ ಕಷ್ಟ ಹತ್ತಿರದಿಂದ ನೋಡಿದವರು ಮಾಡಿದ್ದರಿಂದ ಅದು ಕೈಗೆ ಒಗ್ಗಿತು.

ಕನ್ನಡ ಅಕ್ಷರ ಕಂಪ್ಯೂಟರಿಗೆ ಬಂದದ್ದೂ ಇದೇ ರೀತಿ. ಕೆ.ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಯಲ್ಲೇ ಕನ್ನಡದ ಸ್ವರ, ವ್ಯಂಜನ, ಒತ್ತಕ್ಷರ ಎಲ್ಲಾ ಬರೋ ಹಾಗೆ ಕೀಲಿಮಣೆ ಹೊಂದಿಸಿದರು. 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂದರು. ಕನ್ನಡ ಗಣಕ ಪರಿಷತ್ತಿನವರು ‘ನುಡಿ’ ಮಾಡಿದರು. ಇವರಿಗೆಲ್ಲಾ ತಾವೇ ಕನ್ನಡದಲ್ಲಿ ಬರೆಯಬೇಕಿತ್ತು. ಉಣ್ಣೋರೇ ಅಡಿಗೆ ಮಾಡಿದರು, ಉಪ್ಪು ಖಾರ ಸರಿಯಾಗಿ ಬಿತ್ತು.

ಹಾಗಾದರೆ ನಮ್ಮ ಊರಲ್ಲೇ ಇಷ್ಟು ಸಾವಿರ ಮಂದಿ ಸಾಫ್ಟ್‌ವೇರು ಬರೆಯೋರು ಇದ್ದು ನಮಗೆ ಯಾಕೆ ಏನೂ ಬರೋದಿಲ್ಲ? ಉತ್ತರ ಸುಲಭ. ಅವರು ಬರೆಯೋದರಲ್ಲಿ ಹೆಚ್ಚಿನ ಪಾಲು ಕಡಲಾಚೆಯ ಬ್ಯಾಂಕು, ವಿಮೆ ಕಂಪನಿ, ಕಾರು ಕಂಪನಿ ಕೆಲಸ. ದುಡ್ಡು ಕೊಡೋನು ಅಲ್ಲಿ, ಬೈಯೋನೂ ಅಲ್ಲಿ. ನಮ್ಮ ಹೊಲಕ್ಕೂ ಅವರ ಕಾಂಪೌಂಡಿಗೂ ನಡೆದು ಹೋಗೋ ದೂರ. ಆದರೆ ನಮ್ಮ ದೂರು ಗೇಟು ದಾಟಿ ಒಳಗೆ ಹೋಗೋ ದಾರಿ ಇಲ್ಲ. ಗ್ರೈಂಡರು ಮಾಡೋನು ನೆರೆಯವನು, ಗಿರಾಕಿಯೂ ನೆರೆಯವಳು. ಇಲ್ಲಿ ಮಾಡೋನು ಮಾತ್ರ ನೆರೆಯವನು.

ಬೈಗಳು ಜೋರಾದರೆ ದೊಡ್ಡ ಕಂಪನಿಗೂ ಕೇಳಿಸುತ್ತೆ. 2021ರ ಜೂನ್ ತಿಂಗಳಲ್ಲಿ ಭಾರತದ ಕುರೂಪ ಭಾಷೆ ಯಾವುದು ಅಂತ ಗೂಗಲ್ಲಿನಲ್ಲಿ ಕೇಳಿದರೆ ಕನ್ನಡ ಅಂತ ಉತ್ತರ ತೋರಿಸ್ತಿತ್ತು. ಯಾರೋ ಎಲ್ಲೋ ಬರೆದ ಕಸವನ್ನ ಎತ್ತಿ ಮೇಲಕ್ಕಿಟ್ಟಿತ್ತು. ಕರ್ನಾಟಕದಲ್ಲಿ ಮಂತ್ರಿಗಳಿಂದ ಮಾಮೂಲಿ ಜನರ ತನಕ ಸಿಟ್ಟಾದರು. ಕಂಪನಿ ಅದನ್ನ ತೆಗೆದು ಕ್ಷಮೆ ಕೇಳಿತು. ಕೋಟಿಗಟ್ಟಲೆ ಕನ್ನಡಿಗರು ಕೂಗಿದ್ದಕ್ಕೆ ಕೇಳಿಸ್ತು. ಗಡಿಯಾಚೆ ಮನೆಯೊಳಗೆ ಕನ್ನಡ ಆಡೋ ನಾವು ಕೂಗಿದರೆ ಯಾರಿಗೆ ಕೇಳಿಸಬೇಕು? ನಮಗೆ ಮಂತ್ರಿಯೂ ಇಲ್ಲ, ಮಾರುಕಟ್ಟೆಯೂ ಇಲ್ಲ.

ಆದ್ದರಿಂದ ಮೇಷ್ಟ್ರುಗಳಲ್ಲಿ ಒಂದು ಮಾತು ಕೇಳ್ಕೊಳ್ತೀನಿ. ಈ ಯಂತ್ರಗಳು ಮಾತು ಕಲಿಯೋದು ಜನರ ಧ್ವನಿ ಕೇಳಿ ಕೇಳಿ. ಯಾರ ಧ್ವನಿ ಕೊಡಲಿಲ್ಲವೋ ಅವರ ಮಾತು ಅದಕ್ಕೆ ಬಾರದು. 2022ರಲ್ಲಿ ಕೇಂದ್ರ ಸರ್ಕಾರ ‘ಭಾಷಿಣಿ’ ಅಂತ ಶುರು ಮಾಡಿದೆ. ಅದರಲ್ಲಿ ‘ಭಾಷಾದಾನ’ ಅಂತ, ಜನ ತಮ್ಮ ಧ್ವನಿ ಕೊಡೋ ಏರ್ಪಾಡು ಇದೆ. ದೊಡ್ಡ ಮಕ್ಕಳನ್ನ ಕೂರಿಸಿಕೊಂಡು ನಮ್ಮ ಕಡೆಯ ಮಾತೂ ಅಲ್ಲಿಗೆ ಹೋಗೋ ಹಾಗೆ ಮಾಡಿ. ಕೊಡುವಾಗ ಹಾಲು ಅಂತ ತಿದ್ದಿಸಬೇಡಿ, ಆಲು ಅಂತಲೇ ಹೇಳಿಸಿ.

ಹಾಡಿನ ವಿಷಯ ಬೇರೆ. ಅದನ್ನ ಯಾರ್ಯಾರಿಗೋ ಸುಮ್ಮನೆ ಕೊಡೋದು ನನಗೆ ಒಪ್ಪಿಗೆ ಇಲ್ಲ. ಹಾಡೋರ ಹೆಸರಿಲ್ಲದೆ ಹಾಡು ಊರೂರು ಸುತ್ತಿ, ಕೊನೆಗೆ ಯಾರದೋ ಹೆಸರಲ್ಲಿ ದುಡ್ಡು ಮಾಡೋದನ್ನ ನೋಡಿದ್ದೀನಿ. ನಮ್ಮ ವಾಚನಾಲಯಕ್ಕೆ ಒಂದು ಮೆಮೊರಿ ಕಾರ್ಡು, ಒಂದು ನೋಟ್‌ಬುಕ್ಕು ಸಾಕು. ವಯಸ್ಸಾದವರು ಹಾಡಿದ್ದನ್ನ ಫೋನಿನಲ್ಲೇ ಹಿಡಿದು, ಹಾಡಿದವರ ಹೆಸರು, ಊರು, ಕಲಿಸಿದ ಗುರುವಿನ ಹೆಸರು ಬರೆದಿಡೋಣ. ನನಗೆ ಬರೋ ಕತೆಗಳನ್ನ ಮೂರು ರಾತ್ರಿ ಕೂತು ಹಾಡ್ತೀನಿ. ಬೇಸಾಯದ ಕೆಲಸ ಕಡಿಮೆ ಇರೋ ದಿನ ನೋಡಿ ತಿಳಿಸಿದರೆ ಸತ್ತಿ ಬಸ್ಸು ಹತ್ತಿ ಬರ್ತೀನಿ.