ಕಲ್ಲು ನೆಲ ಮುಟ್ಟಿದ ಮೇಲೆ

ಶಕ್ತಿ ಸಂರಕ್ಷಣಾ ನಿಯಮದ ಪಾಠವನ್ನು ನೀವು ಓದಿದ್ದೀರಿ, ಇಲ್ಲವೇ ಕಲಿಸಿದ್ದೀರಿ. ಎತ್ತರದಲ್ಲಿರುವ ಕಲ್ಲಿಗೆ ಪ್ರಚ್ಛನ್ನ ಶಕ್ತಿ ಇದೆ. ಬೀಳುತ್ತ ಅದು ಚಲನ ಶಕ್ತಿಯಾಗುತ್ತದೆ. ಎ, ಬಿ, ಸಿ ಎಂಬ ಮೂರು ಬಿಂದುಗಳಲ್ಲೂ ಮೊತ್ತ ಒಂದೇ. ಸಿ ಬಿಂದು ಇರುವುದು ನೆಲ ಮುಟ್ಟುವುದಕ್ಕೆ 'ತುಸು ಮೊದಲು'. ಅಲ್ಲಿಗೆ ಸಾಧನೆ ಮುಗಿಯಿತು.

ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಮರುಕ್ಷಣ ಕಲ್ಲು ನೆಲದ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಎತ್ತರವೂ ಇಲ್ಲ, ವೇಗವೂ ಇಲ್ಲ. ನಿಯಮದ ನಿಜವಾದ ಪರೀಕ್ಷೆ ಆರಂಭವಾಗುವಲ್ಲಿಯೇ ಪಾಠ ನಿಲ್ಲುತ್ತದೆ ಎಂಬುದು ನನ್ನ ಆಕ್ಷೇಪ. ಉಷ್ಣದ ಪ್ರಸ್ತಾಪ ಇರುವುದಿಲ್ಲವೆಂದಲ್ಲ. ಕೊನೆಯಲ್ಲಿ ಒಂದು ವಾಕ್ಯ ಇರುತ್ತದೆ, ಅಂಕಿ ಇರುವುದಿಲ್ಲ. ಹೀಗಾಗಿ ಉಯ್ಯಾಲೆ ನಿಲ್ಲುವುದನ್ನು ದಿನವೂ ಕಾಣುವ ವಿದ್ಯಾರ್ಥಿ ಈ ನಿಯಮ ಪರೀಕ್ಷೆಗೆ ಮಾತ್ರ ಎಂದುಕೊಳ್ಳುತ್ತಾನೆ.

ಅರ್ಧ ಕಿ.ಗ್ರಾಂ.ನ ಗಟ್ಟಿ ರಬ್ಬರ್ ಚೆಂಡನ್ನು 1 ಮೀಟರ್ ಎತ್ತರದಿಂದ ಬಿಡಿ. ಅದು 60 ಸೆಂ.ಮೀ. ಪುಟಿಯಿತೆನ್ನಿ. ಮೊದಲಿದ್ದದ್ದು 4.9 ಜೂಲ್, ಈಗ 2.94 ಜೂಲ್. ಉಳಿದ ಸುಮಾರು 2 ಜೂಲ್ ಎಲ್ಲಿ? ಸದ್ದಿಗೆ ಹೋದದ್ದು ಅತ್ಯಲ್ಪ. ಬಹುಪಾಲು ಚೆಂಡನ್ನೂ ನೆಲವನ್ನೂ ಬೆಚ್ಚಗಾಗಿಸಿದೆ. ರಬ್ಬರಿನ 1 ಕಿ.ಗ್ರಾಂ. ರಾಶಿಯ ತಾಪವನ್ನು 1 ಡಿಗ್ರಿ ಏರಿಸಲು ಸುಮಾರು 2,000 ಜೂಲ್ ಬೇಕು. ಆದ್ದರಿಂದ ಆ ಶಕ್ತಿಯೆಲ್ಲ ಚೆಂಡಿಗೇ ಸೇರಿದರೂ ತಾಪ ಏರುವುದು ಡಿಗ್ರಿಯ 500ರಲ್ಲಿ ಒಂದು ಪಾಲು! ಕೈಗೆ ತಿಳಿಯದಿರುವುದು ಸಹಜ. ಹಾಗೆ ಏಕೆ ತಿಳಿಯಲಿಲ್ಲ ಎಂಬುದನ್ನು ಹೇಳದಿದ್ದರೆ 'ಉಷ್ಣವಾಯಿತು' ಎಂಬುದು ಬರಿಯ ನೆಪದಂತೆ ಕೇಳಿಸುತ್ತದೆ.

1840ರ ದಶಕದಲ್ಲಿ ಜೇಮ್ಸ್ ಜೂಲ್ ಎದುರಿಸಿದ ತೊಡಕೂ ಇದೇ. ಬೀಳುವ ತೂಕಗಳಿಂದ ನೀರಿನಲ್ಲಿ ಹುಟ್ಟುಗಳನ್ನು ತಿರುಗಿಸಿ, ಅತಿ ಸಣ್ಣ ತಾಪ ಏರಿಕೆಯನ್ನು ಆತ ಅಳೆಯಬೇಕಾಯಿತು. ನೀರು ತಾನು ಬಿದ್ದೇ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕಾದರೆ ಸುಮಾರು 427 ಮೀಟರ್ ಬೀಳಬೇಕು. ನಮ್ಮ ಜೋಗದ ಎತ್ತರ 253 ಮೀಟರ್. ಲೆಕ್ಕದ ಪ್ರಕಾರ ಏರಿಕೆ ಸುಮಾರು 0.6 ಡಿಗ್ರಿ. (ದಾರಿಯಲ್ಲಿ ಆವಿಯಾಗುವ ನೀರು ಉಳಿದದ್ದನ್ನು ತಂಪು ಮಾಡುತ್ತದೆ, ಥರ್ಮಾಮೀಟರ್ ಹಿಡಿದು ಹೋದವರಿಗೆ ಈ ಅಂಕಿ ಸಿಕ್ಕೀತೆಂದು ನಾನು ಭರವಸೆ ಕೊಡಲಾರೆ.)

ಪುಸ್ತಕಗಳ ಭಾಷೆಯೂ ತೊಡಕಿನದೇ. ಒಂದು ಪುಟದಲ್ಲಿ 'ಶಕ್ತಿಯನ್ನು ನಾಶ ಮಾಡಲಾಗದು', ಮರುಪುಟದಲ್ಲಿ 'ಘರ್ಷಣೆಯಿಂದ ಶಕ್ತಿ ನಷ್ಟ'. ನಷ್ಟವಾದದ್ದು ಶಕ್ತಿಯಲ್ಲ, ಅದನ್ನು ಮತ್ತೆ ಕೆಲಸಕ್ಕೆ ಹಚ್ಚುವ ಅನುಕೂಲ. 'ಚದರಿತು' ಎಂದರೆ ಸಾಕು.

ಕಲ್ಲಿನ ಬದಲು ಸೈಕಲ್ಲಿನಿಂದ ಪಾಠ ತೊಡಗಬಹುದು. ಸವಾರನೂ ಸೇರಿ 80 ಕಿ.ಗ್ರಾಂ., ವೇಗ ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀ.: ಚಲನ ಶಕ್ತಿ 1,000 ಜೂಲ್. ಬ್ರೇಕ್ ಹಿಡಿದರೆ ಅದರ ಬಹುಭಾಗ ರಿಮ್ಮಿಗೂ ಬ್ರೇಕ್ ರಬ್ಬರಿಗೂ ಹೋಗುತ್ತದೆ. 50 ಮೀಟರ್ ಎತ್ತರದ ಇಳಿಜಾರಿನಿಂದ ಬ್ರೇಕ್ ಹಿಡಿದೇ ಇಳಿದರೆ ಲೆಕ್ಕಕ್ಕೆ ಸಿಗುವುದು 39,200 ಜೂಲ್. ಗಾಳಿಯ ಪಾಲು ಕಳೆದರೂ ರಿಮ್ ಬಿಸಿಯಾದದ್ದು ಬೆರಳಿಗೆ ತಿಳಿಯುತ್ತದೆ. ಮೆಲ್ಲನೆ ಮುಟ್ಟಿಸಿ.