ಮನೆಯಂತಿದ್ದ ಶಾಲೆ, ಯಾರ ಮನೆಯಂತೆ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳ್ಳಿ ಶಾಲೆಗಳು ಒಂದೊಂದಾಗಿ ನೂರು, ನೂರೈವತ್ತು ವರ್ಷ ದಾಟುತ್ತಿವೆ. ಪೆಂಡಾಲು, ಸನ್ಮಾನ, ರಾತ್ರಿ ಯಕ್ಷಗಾನ, ಜತೆಗೊಂದು ಸ್ಮರಣ ಸಂಚಿಕೆ. ಅದರಲ್ಲಿ ಹಿರಿಯರ ರಾಗ ಸಾಮಾನ್ಯವಾಗಿ ಒಂದೇ: ಅಜ್ಜನ ಕಾಲದ ಶಾಲೆ ಮನೆಯ ಹಾಗಿತ್ತು, ಮಕ್ಕಳೆಲ್ಲ ಅಣ್ಣತಮ್ಮಂದಿರ ಹಾಗಿದ್ದರು, ಸರ್ಕಾರಿ ಪದ್ಧತಿ ಬಂದು ಆ ನಂಟು ಹರಿಯಿತು. ಮೊದಲೆರಡು ಮಾತಿಗೆ ನನ್ನ ತಕರಾರಿಲ್ಲ. ಅವು ಬರೆದವರು ತಿಳಿದದ್ದಕ್ಕಿಂತ ಹೆಚ್ಚು ನಿಜ.

ಹತ್ತೊಂಬತ್ತನೇ ಶತಮಾನದ ಗಾಂವಠಿ ಶಾಲೆ ನಡೆಯುತ್ತಿದ್ದದ್ದು ಯಾರದೋ ಜಗುಲಿಯ ಮೇಲೆ. ಘಟ್ಟದ ಮೇಲಿನ ಊರೆಂದರೆ ತೋಟದ ಅಂಚಿಗೆ ನಾಲ್ಕಾರು ಮನೆ. ಆಮೇಲೆ ಬೆಟ್ಟ, ಹಳ್ಳ, ಮತ್ತೊಂದು ಕೇರಿ. ಆ ಮನೆಗಳೂ ಎಷ್ಟೋ ಕಡೆ ಒಂದೇ ಮೂಲಮನೆಯಿಂದ ಹಿಸ್ಸೆಯಾಗಿ ಹೊರಬಿದ್ದವು. ಮರಳಿನ ಮೇಲೆ ಓನಾಮ ತಿದ್ದುತ್ತ ಕೂತವರು ಅಣ್ಣತಮ್ಮಂದಿರ ಹಾಗಿರಲಿಲ್ಲ, ಅಣ್ಣತಮ್ಮಂದಿರೇ ಆಗಿದ್ದರು. ಒಂದು ಸಾವಾದರೆ ಇಡೀ ಶಾಲೆಗೆ ಸೂತಕ ತಗಲುವಷ್ಟು ಹತ್ತಿರದವರು. ಐಗಳ ಊಟ, ಅಕ್ಕಿ, ಕಾಯಿ ಎಲ್ಲಕ್ಕೂ ಜಗುಲಿಯ ಯಜಮಾನನೇ ದಿಕ್ಕು. ಹಿಸ್ಸೆ ಜಗಳ ಕೋರ್ಟು ಮೆಟ್ಟಿಲು ಹತ್ತಿದ ಮೇಲೆ ಎದುರುಮನೆಯ ಹುಡುಗ ಆ ಜಗುಲಿ ಹತ್ತಿಯಾನೆ?

ಹತ್ತುವ ಪ್ರಶ್ನೆಯೇ ಇಲ್ಲದವರು ಬೇರೆ. ಅದೇ ತೋಟಕ್ಕೆ ಸೊಪ್ಪು ಹೊರುವವರು, ಗೇಣಿ ಗದ್ದೆ ಉಳುವ ದೀವರು, ಯಲ್ಲಾಪುರದ ಕಾಡಿನ ಸಿದ್ದಿಗಳು. ಇವರ ಮಕ್ಕಳಿಗೆ ಅಂಗಳವೇ ಗಡಿ. ಹೆಣ್ಣುಮಕ್ಕಳು ಮನೆಯೊಳಗೇ ಇದ್ದರೂ ಜಗುಲಿಗೆ ಬರಲಿಲ್ಲ. ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿಯವರು 1887ರಲ್ಲಿ ‘ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ’ ಬರೆದದ್ದು ಹವ್ಯಕರ ಕನ್ಯಾವಿಕ್ರಯದ ಮೇಲೆ. ಹಣ ಎಣಿಸಿಕೊಂಡು ಮಗಳನ್ನು ಮುದುಕನಿಗೆ ಕೊಡುವ ಅಪ್ಪಂದಿರಿದ್ದ ಕಾಲದಲ್ಲಿ ಅವಳಿಗೆ ಅಕ್ಷರ ಕಲಿಸುವ ತುರ್ತು ಯಾರಿಗಿತ್ತು? ನಂಟಸ್ತಿಕೆಯೇ ಶಾಲೆಯ ಬಾಗಿಲಾದಾಗ ಅದು ಒಳಗೆ ಬಿಡುವುದಕ್ಕಿಂತ ಹೊರಗಿಡುವುದೇ ಹೆಚ್ಚು.

ನಂಟಸ್ತಿಕೆಯಿಂದ ಉಪಕಾರವೇ ಆಗಲಿಲ್ಲವೆಂದಲ್ಲ. ಮಳೆಗಾಲದಲ್ಲಿ ಹಳ್ಳ ದಾಟಲಾಗದ ಹುಡುಗ ಶಾಲೆಯ ಹತ್ತಿರದ ಸೋದರತ್ತೆಯ ಮನೆಯಲ್ಲೋ ಅಜ್ಜನ ಮನೆಯಲ್ಲೋ ಉಳಿದು ಓದಿದ. ಹಾಗಿಲ್ಲದಿದ್ದರೆ ಮುಲ್ಕಿ ಪರೀಕ್ಷೆಯ ಮುಖವನ್ನೇ ನೋಡದವರು ನಮ್ಮಲ್ಲಿ ಬಹಳ ಜನ ಇರುತ್ತಿದ್ದರು. ಆದರೆ ಆ ಅನ್ನ ಬಿಟ್ಟಿಯದಲ್ಲ. ಬೆಳಗ್ಗೆ ಕೊಟ್ಟಿಗೆ, ಸಂಜೆ ದನ ಹುಡುಕುವುದು, ಸುಗ್ಗಿಯಲ್ಲಿ ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದು. ಇಷ್ಟು ಜನಕ್ಕೆ ಬೇಯಿಸಿ ಹಾಕಿದ ವಿಧವೆ ಅತ್ತೆಯ ಹೆಸರು ಸಂಚಿಕೆಯ ದಾನಿಗಳ ಪಟ್ಟಿಯಲ್ಲಿ ಬರುವುದಿಲ್ಲ. ಜಾಗ ಕೊಟ್ಟ ಹೆಗಡೆಯವರದು ಫೋಟೋ ಸಮೇತ ಬರುತ್ತದೆ.

ಇನ್ನು ನಂಟು ಕಡಿಯಿತೆಂಬ ಆಪಾದನೆ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಪ್ರಾಂತದ ವಿದ್ಯಾಖಾತೆಯ ಹಾಜರಿಪುಸ್ತಕ, ಇನ್ಸ್‌ಪೆಕ್ಟರ್, ವರ್ಗವಾಗುವ ಮಾಸ್ತರ ಇಲ್ಲಿಗೂ ಬಂದವು. ಈ ಪದ್ಧತಿಯನ್ನು ನಾನು ಅಟ್ಟಕ್ಕೇರಿಸುತ್ತಿಲ್ಲ. 1856ರಲ್ಲಿ ಪಕ್ಕದ ಧಾರವಾಡದ ಸರ್ಕಾರಿ ಶಾಲೆ ಮಹಾರ್ ಹುಡುಗನೊಬ್ಬನನ್ನು ಸೇರಿಸಿಕೊಳ್ಳಲಿಲ್ಲ. ಅವನು ಅರ್ಜಿ ಹಾಕಿದರೆ ಮುಂಬಯಿ ಸರ್ಕಾರವೂ ಕೈ ಚೆಲ್ಲಿತು. ಆದರೆ ಆ ಅರ್ಜಿ ಲಂಡನ್ನಿನವರೆಗೆ ಚರ್ಚೆಯಾಯಿತು, ಸರ್ಕಾರಿ ಶಾಲೆ ಎಲ್ಲ ವರ್ಗದವರದು ಎಂದು ಕಂಪನಿಯ ನಿರ್ದೇಶಕರು ಬರೆಯಬೇಕಾಯಿತು. ಬರೆದದ್ದು ಜಾರಿಯಾಗಲು ಎಷ್ಟೋ ದಶಕ ಹಿಡಿಯಿತು, ಸರಿ. ಯಜಮಾನನ ಜಗುಲಿಯ ಮೇಲೆ ಅರ್ಜಿ ಹಾಕುವುದಕ್ಕಾದರೂ ಎಲ್ಲಿ ಜಾಗವಿತ್ತು? ಯಾರ ಸೋದರಮಾವನೂ ಅಲ್ಲದ ಪರವೂರಿನ ಮಾಸ್ತರ, ಘಟ್ಟದ ಚಳಿಜ್ವರಕ್ಕೆ ಹೆದರುತ್ತಲೇ ಬಂದವನು, ಹಾಜರಿ ಕರೆದಾಗ ಹುಡುಗ ಮೊದಲ ಸಲ ಮನೆತನದ ಕೂಸಾಗಿ ಅಲ್ಲದೆ ವಿದ್ಯಾರ್ಥಿಯಾಗಿ ಎದ್ದು ನಿಂತ.

ಹಾಗಾಗಿ ಸಂಚಿಕೆ ತರುವ ಸಮಿತಿಗಳಿಗೆ ಒಂದು ಸೂಚನೆ: ಹಳೆಯ ದಾಖಲಾತಿ ರಜಿಸ್ಟರ್ ಉಳಿದಿದ್ದರೆ ಅದನ್ನು ಇದ್ದ ಹಾಗೇ ಅಚ್ಚು ಹಾಕಿ. ಮೊದಲ ಹುಡುಗಿ, ಗೇಣಿದಾರನ ಮೊದಲ ಮಗ, ಮೊದಲ ಸಿದ್ದಿ ಮಗು ಎಷ್ಟನೇ ಪುಟದಲ್ಲಿ ಬರುತ್ತಾರೆ ಎಂಬುದನ್ನು ಓದುಗರೇ ಹುಡುಕಿಕೊಳ್ಳಲಿ.