ಗಾಜಿನ ಮೇಲೊಂದು ಹನಿ

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬರುವವರು ದುಡಿದು ತಿನ್ನುವ ಜನ: ಕಾರ್ಖಾನೆಯವರು, ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು. ಪರೀಕ್ಷೆಗೆ ರಕ್ತ ಕೊಟ್ಟು, ಹತ್ತಿ ಒತ್ತಿಕೊಂಡು ಹೊರಟುಬಿಡುತ್ತಾರೆ. ಆ ರಕ್ತ ಮುಂದೆ ಯಾರ ಕೈ ಸೇರಿತೆಂದು ಅವರಿಗೆ ಗೊತ್ತಾಗುವುದಿಲ್ಲ. ಅದು ಸೇರುವ ಲ್ಯಾಬಿನ ಕೆಲಸಗಳಲ್ಲೆಲ್ಲ ನನಗೆ ಬಲು ಚೆಲುವಾಗಿ ಕಾಣುವುದು ಸ್ಮಿಯರ್ ಮಾಡುವ, ಅಂದರೆ ಗಾಜಿನ ಸ್ಲೈಡಿನ ಮೇಲೆ ರಕ್ತವನ್ನು ತೆಳುವಾಗಿ ಹರಡುವ ಕೈ.

ನೇರಳೆ ಮುಚ್ಚಳದ ಟ್ಯೂಬಿನಿಂದ ಒಂದು ಚಿಕ್ಕ ಹನಿಯನ್ನು ಸ್ಲೈಡಿನ ತುದಿಗೆ ಇಡುತ್ತಾರೆ. ಇನ್ನೊಂದು ಸ್ಲೈಡನ್ನು 30ರಿಂದ 45 ಡಿಗ್ರಿ ಓರೆಯಾಗಿ ಹಿಡಿದು ಹನಿಗೆ ತಾಗಿಸಿ, ರಕ್ತ ಅಂಚಿನುದ್ದಕ್ಕೂ ಹರಡುವಷ್ಟು ಹೊತ್ತು ತಡೆದು, ಒಂದೇ ಉಸಿರಿಗೆ ಮುಂದಕ್ಕೆ ಜಾರಿಸುತ್ತಾರೆ. ಕೈ ತಡವರಿಸಿತೋ, ಅಡ್ಡಗೆರೆ ಬಿತ್ತು. ಓರೆ ತಪ್ಪಿತೋ, ದಪ್ಪವಾಯಿತು. ಪಳಗಿದ ಕೈಯ ಸ್ಮಿಯರ್ ಬರಬರುತ್ತ ತೆಳುವಾಗಿ, ಕೊನೆಯಲ್ಲಿ ಗರಿಯಂತೆ ಮುಗಿಯುತ್ತದೆ. ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಆ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣಗಳು ಸುಳಿಯುತ್ತವೆ.

ಆಮೇಲೆ ಲೀಷ್‌ಮನ್ ಸ್ಟೇನ್. ಬ್ರಿಟಿಷ್ ಸೇನೆಯ ವೈದ್ಯ ವಿಲಿಯಂ ಲೀಷ್‌ಮನ್ 1901ರಲ್ಲಿ ಕೊಟ್ಟ ಬಣ್ಣ, ನಮ್ಮ ಲ್ಯಾಬುಗಳಲ್ಲಿ ಇಂದಿಗೂ ನಡೆಯುತ್ತಿದೆ. ಬೆರೆಸುವ ಬಫರ್ ನೀರು ಆಮ್ಲದ ಕಡೆಗೆ ವಾಲಿದರೆ ಎಲ್ಲವೂ ಕೆಂಪಾಗುತ್ತದೆ, ಕ್ಷಾರದ ಕಡೆಗೆ ವಾಲಿದರೆ ನೀಲಿ ಏರುತ್ತದೆ. ಹದ ಕೂಡಿತೆಂದರೆ ಎಣ್ಣೆ ಹಾಕಿ ನೋಡುವ ಲೆನ್ಸಿನಡಿ ತಿಳಿಗುಲಾಬಿ ಕೆಂಪುಕಣಗಳ ನಡುವೆ ನ್ಯೂಟ್ರೋಫಿಲ್ ಎಂಬ ಬಿಳಿಕಣ ಕಾಣುತ್ತದೆ: ನೇರಳೆ ಕೋಶಕೇಂದ್ರದ ತುಂಡುಗಳು, ಅವುಗಳ ನಡುವೆ ಕೂದಲೆಳೆಯಂಥ ಜೋಡಣೆ. ಪಕ್ಕದಲ್ಲಿ ಕಿತ್ತಳೆ ಕಾಳುಗಳನ್ನು ತುಂಬಿಕೊಂಡ ಇನ್ನೊಂದು ಬಿಳಿಕಣ, ಇಯೊಸಿನೊಫಿಲ್. ನೋಡಿದಷ್ಟೂ ಸಾಲದು.

ಈ ಚೆಲುವಿನ ಬೆಲೆ ತಿಳಿಯುವುದು ಮಳೆಗಾಲದ ಡೆಂಗಿ ದಿನಗಳಲ್ಲಿ. ಮಿಷಿನ್ ಪ್ಲೇಟ್‌ಲೆಟ್ 20 ಸಾವಿರ ಎಂದು ತೋರಿಸಿದರೆ ಮನೆಯವರ ಜೀವ ಬಾಯಿಗೆ ಬರುತ್ತದೆ. ಆದರೆ ಕೆಲವರ ರಕ್ತದಲ್ಲಿ, ಆ ನೇರಳೆ ಮುಚ್ಚಳದ ಟ್ಯೂಬಿನೊಳಗಿನ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಸೇರಿದಾಗ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಗುಂಪಾದವನ್ನು ಮಿಷಿನ್ ಬಿಡಿಬಿಡಿಯಾಗಿ ಎಣಿಸಲಾರದು. ಸ್ಮಿಯರಿನ ಅಂಚಿನಲ್ಲಿ ಆ ಗುಂಪುಗಳನ್ನು ಕಂಡ ಟೆಕ್ನೀಷಿಯನ್, ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಇನ್ನೊಮ್ಮೆ ಸ್ಯಾಂಪಲ್ ಕೇಳುತ್ತಾರೆ. ಎಷ್ಟೋ ಸಲ ಎಣಿಕೆ ಸರಿಯಾಗಿಯೇ ಇರುತ್ತದೆ. ಬೇಡದ ಪ್ಲೇಟ್‌ಲೆಟ್ ಏರಿಸುವುದು ತಪ್ಪುತ್ತದೆ. "ಎರಡೆರಡು ಸಲ ಚುಚ್ಚುತ್ತಾರೆ" ಎಂದು ನಾವು ಸಿಡುಕುವುದು ಇದೇ ಹೊತ್ತಿನಲ್ಲಿ!

ರಿಪೋರ್ಟಿನ ಕೆಳಗೆ ಡಾಕ್ಟರ ಸಹಿ ಇರುತ್ತದೆ, ಇರಲೇಬೇಕು. ಸ್ಮಿಯರ್ ಮಾಡಿದ ಕೈಯ ಹೆಸರು ಅಪರೂಪ. ಏಪ್ರಿಲ್ 15 ಲ್ಯಾಬಿನಲ್ಲಿ ದುಡಿಯುವ ಇವರ ವಿಶ್ವ ದಿನ, 1996ರಿಂದ ಆಚರಣೆಯಲ್ಲಿದೆ. 2021ರ ಕೇಂದ್ರ ಕಾಯ್ದೆಯೂ ಈ ವೃತ್ತಿಯನ್ನು ಗುರುತಿಸಿದೆ. ಆಸ್ಪತ್ರೆಗಳು ಡಾಕ್ಟರ ಹೆಸರಿನ ಪಕ್ಕದಲ್ಲಿ ಟೆಕ್ನೀಷಿಯನ್ ಹೆಸರನ್ನೂ ಅಚ್ಚು ಹಾಕಲಿ. ಮುಂದಿನ ಸಲ ರಿಪೋರ್ಟ್ ತರಲು ಹೋದಾಗ ನೀವೂ ಕೇಳಿ, ಈ ಸ್ಲೈಡ್ ಯಾರು ಮಾಡಿದ್ದು ಎಂದು.